ಸುತ್ತಿಗೆ ಏಟಿಗೂ ಜಗ್ಗದ ಐಸ್!

ಗೋಡೆ ಕಟ್ಟುವ ಮಣ್ಣಿಗೆ ಹುಲ್ಲು ಸೇರಿಸಿ ತುಳಿಯುವುದನ್ನು ನೋಡಿದವರಿಗೆ ಪೈಕ್ರೀಟ್ ಅರ್ಥ ಆಗೋದು ಕಷ್ಟವೇನಲ್ಲ. ಇಲ್ಲಿ ಮಣ್ಣಿನ ಬದಲು ನೀರು, ಹುಲ್ಲಿನ ಬದಲು ಮರದ ಹೊಟ್ಟು. ತೂಕದಲ್ಲಿ ಹೊಟ್ಟು 14 ಪಾಲು, ನೀರು 86 ಪಾಲು. ಕಲಸಿ ಹೆಪ್ಪುಗಟ್ಟಿಸಿದರೆ ಆಯ್ತು.

ಇದು ಹುಟ್ಟಿದ್ದು ಎರಡನೇ ಮಹಾಯುದ್ಧದ ಸಂಕಟದಲ್ಲಿ. ಬ್ರಿಟನ್ನಿಗೆ ಆಹಾರ ತರುವ ಹಡಗುಗಳನ್ನು ಜರ್ಮನಿಯ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಒಂದಾದ ಮೇಲೊಂದು ಮುಳುಗಿಸುತ್ತಿದ್ದವು. ದಡದಿಂದ ಹೊರಟ ಕಾವಲು ವಿಮಾನಗಳು ನಡುಸಾಗರ ಮುಟ್ಟುತ್ತಿರಲಿಲ್ಲ. ಉಕ್ಕಿಗೂ ಬರ. ಆಗ ಜೆಫ್ರಿ ಪೈಕ್ ಎಂಬಾತ, ವಿಮಾನ ಇಳಿಯುವಂಥ ಹಡಗನ್ನು ಮಂಜುಗಡ್ಡೆಯಲ್ಲೇ ಕಟ್ಟೋಣ ಅಂದ. ತಮಾಷೆ ಅನ್ನಿಸುತ್ತೆ ಅಲ್ವಾ? ಚರ್ಚಿಲ್ ಇದನ್ನು ಗಂಭೀರವಾಗಿಯೇ ತೆಗೆದುಕೊಂಡರು.

ಬರೀ ಐಸ್ ಏಟು ಬಿದ್ದರೆ ಸೀಳುತ್ತದೆ. ನಾರು ಬೆರೆತರೆ ಬಿರುಕು ಮುಂದೆ ಓಡದಂತೆ ಆ ನಾರೇ ತಡೆಯುತ್ತದೆ. ಲಂಡನ್ನಿನ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಕೆಳಗಿನ ಶೀತಲ ಕೋಣೆಯಲ್ಲಿ ಇದನ್ನು ಪರೀಕ್ಷಿಸಿದವರು ಮ್ಯಾಕ್ಸ್ ಪೆರುಟ್ಜ್. 1962ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು ಇವರೇ.

ನಾನೂ ಆಚಾರ್ರ ಅಂಗಡಿಯಿಂದ ಹೊಟ್ಟು ತಂದು, 100 ಗ್ರಾಂ ಹೊಟ್ಟಿಗೆ 600 ಗ್ರಾಂ ನೀರು ಹಾಕಿ ಹಳೇ ಡಬ್ಬಿಯಲ್ಲಿ ಎರಡು ದಿನ ಫ್ರೀಜರಿನಲ್ಲಿಟ್ಟೆ. ಪಕ್ಕದಲ್ಲೇ ಬರೀ ನೀರಿನ ಡಬ್ಬಿ. ಸುತ್ತಿಗೆಯ ಒಂದೇ ಏಟಿಗೆ ನೀರಿನ ಗಡ್ಡೆ ಚೂರುಚೂರು. ಹೊಟ್ಟಿನ ಗಡ್ಡೆಗೆ ಬಿದ್ದದ್ದು ಸಣ್ಣ ಕುಳಿ, ಅಷ್ಟೇ! ಕರಗಿದ್ದೂ ನಿಧಾನವಾಗಿ.

ಹಾಗಾದರೆ ಹಡಗು ಯಾಕೆ ಬರಲಿಲ್ಲ? ಗಟ್ಟಿ ಐಸ್ ಕೂಡ ಸತತ ಭಾರಕ್ಕೆ ಮೆಲ್ಲಗೆ ಜಗ್ಗುತ್ತಾ ಹೋಗುತ್ತದೆ. ಅದು ನಿಲ್ಲಬೇಕಾದರೆ ಸುಮಾರು ಮೈನಸ್ 15 ಡಿಗ್ರಿ ಚಳಿ ಬೇಕು. ಹಡಗಿನ ಒಳಗೆಲ್ಲ ತಂಪಿನ ಕೊಳವೆ ಎಳೆಯಬೇಕು. ಖರ್ಚು, ಉಕ್ಕು ಎರಡೂ ಏರಿದವು. ಅಷ್ಟರಲ್ಲಿ ದೂರ ಹಾರುವ ವಿಮಾನಗಳೂ ಬಂದವು.

1943ರಲ್ಲಿ ಕೆನಡಾದ ಪೆಟ್ರೀಷಿಯಾ ಸರೋವರದಲ್ಲಿ 60 ಅಡಿ ಉದ್ದದ ಪ್ರಾಯೋಗಿಕ ಮಾದರಿಯೊಂದು ಮಾತ್ರ ತಯಾರಾಯ್ತು. ಅದನ್ನು ಕಟ್ಟಲು ದುಡಿದವರು ಧರ್ಮದ ಕಾರಣಕ್ಕೆ ಬಂದೂಕು ಹಿಡಿಯಲ್ಲ ಅಂದವರು. ಏನು ಕಟ್ಟುತ್ತಿದ್ದೇವೆ ಎಂದು ಅವರಿಗೆ ಹೇಳಿರಲಿಲ್ಲ. ನನಗೆ ಇಡೀ ಕಥೆಯಲ್ಲಿ ಚುಚ್ಚುವುದು ಇದೇ.

ಈಗ ಇದರ ಬಳಕೆ ಯುದ್ಧಕ್ಕಲ್ಲ. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ವಿದ್ಯಾರ್ಥಿಗಳು ಫಿನ್ಲೆಂಡಿನ ಯೂಕಾದಲ್ಲಿ ದೊಡ್ಡ ಬಲೂನು ಊದಿ, ಅದರ ಮೇಲೆ ಹೊಟ್ಟು ಬೆರೆತ ನೀರು ಸಿಂಪಡಿಸಿ 30 ಮೀಟರ್ ಅಗಲದ ಗುಮ್ಮಟ ಎಬ್ಬಿಸಿದರು. ಚಳಿ ಇರೋತನಕ ಅದರ ಆಯಸ್ಸು.

ರಜೆಯಲ್ಲಿ ಮಕ್ಕಳ ಜೊತೆ ನೀವೂ ಮಾಡಿ ನೋಡಿ. ಸುತ್ತಿಗೆ ಮಾತ್ರ ದೊಡ್ಡವರ ಕೈಯಲ್ಲಿರಲಿ. ಕರಗಿದ ನೀರನ್ನು ಸಿಂಕಿಗೆ ಸುರಿಯಬೇಡಿ, ಹೊಟ್ಟು ಪೈಪಿನಲ್ಲಿ ಕಟ್ಟಿಕೊಳ್ಳುತ್ತೆ. ಗಿಡದ ಬುಡಕ್ಕೆ ಹಾಕಿ.