ಟೋಬಿನ್ ಮರಳು ಯಾರ ದಾರಿಗೆ?

ಷೇರು ಕೊಂಡ ದಿನ ಸಂಜೆ ಬ್ರೋಕರ್‌ನಿಂದ ಬರುವ ಕಾಂಟ್ರ್ಯಾಕ್ಟ್ ನೋಟನ್ನು ಪೂರ್ತಿ ಓದುವವರು ಕಡಿಮೆ. ಬ್ರೋಕರೇಜ್, ಜಿಎಸ್‌ಟಿ, ಸ್ಟ್ಯಾಂಪ್ ಡ್ಯೂಟಿಗಳ ನಡುವೆ ಅಲ್ಲಿ ಎಸ್‌ಟಿಟಿ ಎಂಬ ಸಾಲೂ ಇರುತ್ತದೆ. ಅದು ಷೇರು ವಹಿವಾಟು ತೆರಿಗೆ. ಒಂದು ಲಕ್ಷ ರೂಪಾಯಿಯ ಷೇರು ಕೊಂಡರೆ 100 ರೂಪಾಯಿ, ಮಾರುವಾಗ ಮತ್ತೆ ಅದೇ ದರ. ಇಂಥ ತೆರಿಗೆಯ ಮಾತು ಬಂದಾಗಲೆಲ್ಲ ಅರ್ಥಶಾಸ್ತ್ರಜ್ಞರ ಬಾಯಲ್ಲಿ ಬರುವ ಹೆಸರು ಜೇಮ್ಸ್ ಟೋಬಿನ್.

ಟೋಬಿನ್ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು, 1981ರ ನೊಬೆಲ್ ಪುರಸ್ಕೃತ. 1971ರ ಆಗಸ್ಟ್‌ನಲ್ಲಿ ಅಧ್ಯಕ್ಷ ನಿಕ್ಸನ್ ಡಾಲರ್ ಮತ್ತು ಚಿನ್ನದ ನಂಟು ಕಡಿದರು. ಕರೆನ್ಸಿಗಳ ಬೆಲೆ ತೂಗಾಡತೊಡಗಿತು. ಮರುವರ್ಷ ಪ್ರಿನ್ಸ್‌ಟನ್‌ನಲ್ಲಿ ಉಪನ್ಯಾಸ ಕೊಟ್ಟ ಟೋಬಿನ್, ಒಂದು ದೇಶದ ಹಣವನ್ನು ಇನ್ನೊಂದಕ್ಕೆ ಬದಲಿಸುವ ಪ್ರತಿ ವಹಿವಾಟಿನ ಮೇಲೂ ಸಣ್ಣ ತೆರಿಗೆ ಹಾಕಬೇಕೆಂದರು. ವಿಪರೀತ ವೇಗದಲ್ಲಿ ಉರುಳುವ ಗಾಲಿಗೆ ಒಂದಿಷ್ಟು ಮರಳು ಎರಚಿದಂತೆ ಎನ್ನುವುದು 1978ರಲ್ಲಿ ಅವರು ಕೊಟ್ಟ ಹೋಲಿಕೆ.

ಲೆಕ್ಕ ಸರಳ. ತೆರಿಗೆ ಶೇ 0.5 ಎಂದಿಟ್ಟುಕೊಳ್ಳಿ. ವಾರಕ್ಕೊಮ್ಮೆ ಗಡಿ ದಾಟಿ ಹೋಗಿ ಬರುವ ಹಣ ವರ್ಷಕ್ಕೆ ಶೇ 52ರಷ್ಟು ತೆರಬೇಕು. ಕಾರ್ಖಾನೆ ಕಟ್ಟಲು ಬಂದು ಹತ್ತು ವರ್ಷ ನಿಂತು ಮರಳುವ ಹಣಕ್ಕೆ ಬೀಳುವುದು ಒಟ್ಟು ಶೇ 1 ಮಾತ್ರ. ನಿಲ್ಲುವ ಹಣಕ್ಕೆ ತೊಂದರೆಯಿಲ್ಲ, ಓಡುವ ಹಣಕ್ಕೆ ಕಡಿವಾಣ. ಟೋಬಿನ್ ಮಾರುಕಟ್ಟೆಯ ವಿರೋಧಿಯಲ್ಲ. ಮುಕ್ತ ವ್ಯಾಪಾರದ ಪರವಾಗಿದ್ದ ಅವರಿಗೆ, ಜಾಗತೀಕರಣ ವಿರೋಧಿ ಚಳವಳಿಗಾರರು ತಮ್ಮ ಹೆಸರು ಬಳಸಿಕೊಂಡದ್ದು ಹಿಡಿಸಿರಲಿಲ್ಲ. ಹೊರಗಿನ ಹಣದ ಹೊಯ್ದಾಟಕ್ಕೆ ಹೆದರದೆ ಆಯಾ ದೇಶದ ಕೇಂದ್ರ ಬ್ಯಾಂಕ್ ತನ್ನ ಬಡ್ಡಿದರವನ್ನು ತಾನೇ ನಿರ್ಧರಿಸುವಂತಿರಬೇಕು ಎಂಬುದಷ್ಟೇ ಅವರ ಕಾಳಜಿ.

ಷೇರುಪೇಟೆಯಲ್ಲಿ ಇಂಥದ್ದೇ ಮದ್ದನ್ನು ಪ್ರಯೋಗಿಸಿ ಕೈ ಸುಟ್ಟುಕೊಂಡದ್ದು ಸ್ವೀಡನ್. 1984ರಲ್ಲಿ ಷೇರು ವಹಿವಾಟಿಗೆ ತೆರಿಗೆ ಹಾಕಿ, 1986ರಲ್ಲಿ ಅದನ್ನು ಇಮ್ಮಡಿಗೊಳಿಸಿತು. ದಲ್ಲಾಳಿಗಳು ವ್ಯಾಪಾರವನ್ನೇ ಲಂಡನ್ನಿಗೆ ಒಯ್ದರು. 1991ರಲ್ಲಿ ತೆರಿಗೆ ರದ್ದಾಯಿತು. ವಿಚಿತ್ರವೆಂದರೆ ಲಂಡನ್ನಿನಲ್ಲೂ ಶೇ 0.5ರ ಸ್ಟ್ಯಾಂಪ್ ಡ್ಯೂಟಿ ಉಂಟು. ಆದರೆ ಅದು ಅಂಟಿಕೊಂಡಿರುವುದು ಬ್ರಿಟಿಷ್ ಕಂಪನಿಯ ಷೇರಿನ ಒಡೆತನ ಬದಲಾವಣೆಗೆ. ಆ ಷೇರು ಎಲ್ಲಿ ಮಾರಿದರೂ ತೆರಿಗೆ ಬೆನ್ನು ಬಿಡದು.

ಭಾರತಕ್ಕೆ ಎಸ್‌ಟಿಟಿ ಬಂದದ್ದು 2004ರಲ್ಲಿ, ಪಿ. ಚಿದಂಬರಂ ಬಜೆಟ್‌ನಲ್ಲಿ. ಉದ್ದೇಶ ಮರಳು ಎರಚುವುದಾಗಿರಲಿಲ್ಲ. ಷೇರಿನ ದೀರ್ಘಾವಧಿ ಗಳಿಕೆಯ ತೆರಿಗೆ ಕೈಬಿಟ್ಟು, ಅದರ ಬದಲಿಗೆ ಸುಲಭವಾಗಿ ವಸೂಲಾಗುವ ತೆರಿಗೆಯಾಗಿ ಇದನ್ನು ತಂದರು. ಕೈಬಿಟ್ಟ ಆ ತೆರಿಗೆ 2018ರಲ್ಲಿ ಮರಳಿತು. ಎಸ್‌ಟಿಟಿ ಮಾತ್ರ ಹೋಗಲಿಲ್ಲ.

ಇನ್ನು ಮರಳು ಬಿದ್ದದ್ದು ಯಾರ ದಾರಿಗೆ? ನಿಫ್ಟಿ ಸೂಚ್ಯಂಕ 24,000 ಇರುವಾಗ, 2025ರಲ್ಲಿದ್ದಂತೆ 75ರ ಒಂದು ಲಾಟ್ ಆಪ್ಷನ್ (ಮುಂದೆ ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು) ತೆಗೆದುಕೊಳ್ಳಿ. ಅದರ ಬೆನ್ನಿಗಿರುವ ಮೊತ್ತ 18 ಲಕ್ಷ ರೂಪಾಯಿ. ಆ ಹಕ್ಕಿನ ಬೆಲೆ, ಅಂದರೆ ಪ್ರೀಮಿಯಂ, 100 ರೂಪಾಯಿಯಾದರೆ ವಹಿವಾಟಿನ ಹಣ 7,500. 2024ರ ಅಕ್ಟೋಬರ್‌ನಲ್ಲಿ ಏರಿಸಿದ ಶೇ 0.1ರ ದರದಲ್ಲೂ ಮಾರುವವನು ಕೊಡುತ್ತಿದ್ದುದು ಏಳೂವರೆ ರೂಪಾಯಿ, ಏಕೆಂದರೆ ತೆರಿಗೆ ಪ್ರೀಮಿಯಂ ಮೇಲೆ ಮಾತ್ರ. ಮಗಳ ಮದುವೆಗೆಂದು ಲಕ್ಷ ರೂಪಾಯಿಯ ಷೇರು ಕೊಂಡಿಟ್ಟವರು ಕೊಂಡಾಗ ನೂರು ಕೊಟ್ಟಿರುತ್ತಾರೆ. ಟೋಬಿನ್ ಲೆಕ್ಕ ಇಲ್ಲಿ ತಲೆಕೆಳಗು.

ಅದೇ 2024ರ ಸೆಪ್ಟೆಂಬರ್‌ನಲ್ಲಿ ಬಂದ, ಷೇರುಪೇಟೆ ನಿಯಂತ್ರಕ ಸೆಬಿಯ ಅಧ್ಯಯನ ಬೆಚ್ಚಿಬೀಳಿಸುವಂತಿತ್ತು. ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ವಹಿವಾಟುದಾರರಲ್ಲಿ ಶೇ 93 ಮಂದಿ ಹಣ ಕಳೆದುಕೊಂಡಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತ್ತು. ತೆರಿಗೆಯನ್ನಷ್ಟೇ ನೆಚ್ಚಿ ಕೂರದ ಸೆಬಿ ಬೇರೆ ಹಿಡಿತಗಳನ್ನು ತಂದಿತು. ಸೂಚ್ಯಂಕ ಕಾಂಟ್ರ್ಯಾಕ್ಟ್‌ನ ಕನಿಷ್ಠ ಗಾತ್ರ 15 ಲಕ್ಷ ರೂಪಾಯಿಗೆ ಏರಿತು. ವಾರಕ್ಕೊಮ್ಮೆ ಅವಧಿ ಮುಗಿಯುವ ಕಾಂಟ್ರ್ಯಾಕ್ಟ್ ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕದ್ದು ಎಂದಾಯಿತು. ಆಪ್ಷನ್ ಕೊಳ್ಳುವವರು ಪ್ರೀಮಿಯಂ ಪೂರ್ತಿ ಮುಂಗಡವಾಗಿ ಕಟ್ಟಬೇಕಾಯಿತು.

2025ರ ಜುಲೈನಲ್ಲಿ ಸೆಬಿ ಮತ್ತೆ ಲೆಕ್ಕ ಹಾಕಿತು. ಈ ಮಾರುಕಟ್ಟೆಗೆ ಬರುವ ಸಣ್ಣವರ ಸಂಖ್ಯೆ ಇಳಿದಿತ್ತು. 2024–25ರಲ್ಲಿ ನಷ್ಟ ಕಂಡವರು ಮಾತ್ರ ಆಗಲೂ ಹತ್ತರಲ್ಲಿ ಒಂಬತ್ತು ಮಂದಿ.