ತೊಟ್ಟಿಕ್ಕುವ ಪೆಟ್ರೋಲ್ ಪೈಪ್: ಕೊಟ್ಟಿಗೆಗೆ ಕುತ್ತು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕರೆಂಟ್ ಹೋದಾಗ ಕಣಿಕೆ, ಕಬ್ಬಿನ ಸೋಗೆ ಕತ್ತರಿಸಲು ಕೆಲವರು ಪೆಟ್ರೋಲ್ ಇಂಜಿನ್ ಬಳಸುತ್ತೀರಿ. ಟ್ಯಾಂಕಿನಿಂದ ಕಾರ್ಬುರೇಟರ್‌ಗೆ ಹೋಗುವ ರಬ್ಬರ್ ಪೈಪ್ ಹಳೆಯದಾದರೆ ಕ್ಲಿಪ್ಪಿನ ಹತ್ತಿರ ಸೀಳಿ ತೊಟ್ಟಿಕ್ಕುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಗುಂಟ ಹರಡುತ್ತದೆ. ಒಣ ಮೇವಿಗೆ ಒಂದು ಕಿಡಿ ಸಾಕು. ಕಟ್ಟಿದ ದನ ಓಡಲಾರದು.

ವಾಸನೆ ಬಂದರೆ ಮನೆಯವರು ಬರಲಿ ಎಂದು ಕಾಯಬೇಡಿ. ಇಂಜಿನ್ ನಿಲ್ಲಿಸಿ, ಟ್ಯಾಂಕಿನ ಕಾಕ್ ಬಂದ್ ಮಾಡಿ, ಹೊರಗೆ ತಂದು ಆರಲು ಬಿಡಿ. ಬೀಡಿ, ಒಲೆ ಹತ್ತಿರ ಬೇಡ.

ಪೈಪ್ ಮೆತ್ತಗಿದ್ದು ತುದಿಯಷ್ಟೇ ಸೀಳಿದ್ದರೆ, ಉದ್ದ ಸಾಲುವಂತಿದ್ದರೆ, ಸೀಳಿದ ತುದಿ ಕತ್ತರಿಸಿ, ಪೂರ್ತಿ ಒತ್ತಿ ಕೂರಿಸಿ ಹೊಸ ಕ್ಲಿಪ್ ಹಾಕಿ. ಗಡುಸಾಗಿದ್ದರೆ ಅದೇ ಅಳತೆಯ ಪೆಟ್ರೋಲ್ ಪೈಪನ್ನೇ ತನ್ನಿ. ಸಾಬೂನು ಮೆತ್ತುವುದು, ಬಟ್ಟೆ ಸುತ್ತುವುದು ರಿಪೇರಿಯಲ್ಲ. ನಾವು ದನಕ್ಕೆ ಹಚ್ಚಿದ ಸಲಾಯಿನ್ ಪೈಪ್ ಅಂತೂ ಬೇಡವೇ ಬೇಡ. ಪೆಟ್ರೋಲ್ ತಾಗಿದರೆ ಅದು ಗಡುಸಾಗಿ ಒಡೆಯುತ್ತದೆ. ಕೊನೆಗೆ ಕಾಕ್ ತೆರೆದು, ಜೋಡಣೆಯ ಕೆಳಗೆ ರಟ್ಟು ಇಟ್ಟು 5 ನಿಮಿಷ ನೋಡಿ. ಹನಿ ಬೀಳದಿದ್ದರೆ ಮಾತ್ರ ಚಾಲು ಮಾಡಿ. ಸಂಶಯವಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಪೆಟ್ರೋಲ್ ಬಿದ್ದ ಮೇವನ್ನು ದನಕ್ಕೆ ಹಾಕಬೇಡಿ. ತಿಂದಿದ್ದರೆ ಎಣ್ಣೆ, ಮಜ್ಜಿಗೆ ಏನನ್ನೂ ಗೊಟ್ಟದಿಂದ ಕುಡಿಸಬೇಡಿ. ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ತಕ್ಷಣ ಪಶುವೈದ್ಯರನ್ನು ಕರೆಯಿರಿ.

ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ. ಇಂಜಿನ್ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದ ಮೇಲೆಯೇ ಕೆಚ್ಚಲಿಗೆ ಕೈ ಹಾಕಿ.