ಇಪ್ಪತ್ತನಾಲ್ಕರಲ್ಲೊಂದು ಪಾಲಿನ ಕಾರು

ನಾಲ್ಕೂವರೆ ಮೀಟರ್ ಉದ್ದದ ಕಾರನ್ನು 24 ಪಾಲು ಮಾಡಿದರೆ ಒಂದು ಪಾಲು 19 ಸೆಂಟಿಮೀಟರಿಗೆ ತುಸು ಕಡಿಮೆ. ಸ್ಕೇಲ್ ಮಾಡೆಲ್ ಕಟ್ಟುವವರ ಮೇಜಿನ ಮೇಲೆ ಹೆಚ್ಚಾಗಿ ಕಾಣುವುದು ಈ ಅಳತೆಯ ಕಾರೇ. ಇದನ್ನು 1/24 ಎನ್ನುತ್ತಾರೆ. ಅಡಿ-ಇಂಚಿನ ಲೆಕ್ಕ ಬಲ್ಲವರಿಗೆ ಇದು ಸಲೀಸು: ಅಸಲಿ ಕಾರಿನ ಒಂದು ಅಡಿ ಇಲ್ಲಿ ಅರ್ಧ ಇಂಚು. 1/12 ಆದರೆ ಅಡಿಗೆ ಒಂದು ಇಂಚು. ಅಮೆರಿಕದ ಕಿಟ್‌ಗಳಲ್ಲಿ 1/25 ಕೂಡ ಉಂಟು. ಷೋರೂಮಿನಲ್ಲಿ ಹೊಸ ಕಾರಿನ ಪ್ರಚಾರಕ್ಕೆಂದು ಕೊಡುತ್ತಿದ್ದ ಪುಟ್ಟ ಮಾದರಿಗಳ ಅಳತೆಯೇ ಅಲ್ಲಿ ಕಿಟ್‌ಗಳಿಗೂ ಬಂತು.

ಉದ್ದ 24 ಪಾಲು ಕಡಿಮೆಯಾದರೆ ಗಾತ್ರ ಕಡಿಮೆಯಾಗುವುದು 24 ಪಾಲಲ್ಲ. 24ನ್ನು ಮೂರು ಸಲ ಗುಣಿಸಬೇಕು, 13,824 ಪಾಲು. ಹನ್ನೆರಡು ನೂರು ಕಿಲೋ ತೂಗುವ ಕಾರನ್ನು ಅದೇ ಉಕ್ಕು, ಅದೇ ಗಾಜಿನಲ್ಲಿ ಚಾಚೂ ತಪ್ಪದೆ ಕುಗ್ಗಿಸಿದರೆ ಅದರ ತೂಕ ಸುಮಾರು 87 ಗ್ರಾಂ. ಇಷ್ಟು ಹಗುರವಾದದ್ದು ತನ್ನ ಟೈರನ್ನು ಒತ್ತಿ ಅಗಲಿಸಲಾರದು. ಅಸಲಿ ಕಾರಿನ ಟೈರು ನೆಲ ಮುಟ್ಟುವಲ್ಲಿ ಚಪ್ಪಟೆಯಾಗಿ, ಪಕ್ಕಕ್ಕೆ ತುಸು ಉಬ್ಬಿರುತ್ತದೆ. ಮಾದರಿಯ ಟೈರು ಪೂರ್ತಿ ದುಂಡಗಿದ್ದು ತುದಿಗಾಲಲ್ಲಿ ನಿಂತಂತೆ ಕಾಣುತ್ತದೆ. ಅನುಭವಸ್ಥರು ಟೈರಿನ ತಳವನ್ನು ವಾಟರ್ ಪೇಪರಿನ ಮೇಲೆ ನಾಲ್ಕು ಸಲ ಉಜ್ಜಿ ಚಪ್ಪಟೆ ಮಾಡುತ್ತಾರೆ. ಅಷ್ಟರಿಂದಲೇ ಕಾರಿಗೆ ತೂಕ ಬಂದುಬಿಡುತ್ತದೆ.

ಈ ಹವ್ಯಾಸದ ವಿಜ್ಞಾನವೆಲ್ಲ ಇಲ್ಲಿದೆ ಎಂದೇ ನನ್ನ ನಂಬಿಕೆ. ಆಕಾರ ಕುಗ್ಗುತ್ತದೆ. ತಗಡಿನ ದಪ್ಪ, ಬಣ್ಣದ ಕಣ, ನೀರಿನ ಹನಿ, ಗಾಳಿಯ ಧೂಳು ಕುಗ್ಗುವುದಿಲ್ಲ. ಕುಗ್ಗದವುಗಳನ್ನು ಒಂದೊಂದಾಗಿ ಗುರುತಿಸಿ, ಅವು ಕುಗ್ಗಿದಂತೆ ಕಣ್ಣಿಗೆ ತೋರಿಸುವುದೇ ಮಾಡೆಲ್ ಕಟ್ಟುವವರ ಕೆಲಸ.

ತಗಡಿನಿಂದಲೇ ಶುರುಮಾಡೋಣ. ಕಾರಿನ ಮೈ ಸುಮಾರು ಮುಕ್ಕಾಲು ಮಿಲಿಮೀಟರ್ ದಪ್ಪದ ಉಕ್ಕು. 1/24ರಲ್ಲಿ ಅದು 0.03 ಮಿಲಿಮೀಟರ್ ಆಗಬೇಕು. ಅಷ್ಟು ತೆಳುವಾದ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಹೊಯ್ಯಲೂ ಆಗದು, ಕೈಯಲ್ಲಿ ಹಿಡಿಯಲೂ ಆಗದು. ಕಿಟ್‌ನ ಮೈ ಒಂದು ಮಿಲಿಮೀಟರಿಗಿಂತ ದಪ್ಪ ಇರುತ್ತದೆ. ಅಂದರೆ ಅಸಲಿ ಲೆಕ್ಕದಲ್ಲಿ ಒಂದು ಇಂಚು ದಪ್ಪದ ಉಕ್ಕು, ಯುದ್ಧ ಟ್ಯಾಂಕಿನ ಕವಚ. ಇಡೀ ಮೈಯನ್ನು ತೆಳುಮಾಡುವ ಅಗತ್ಯವಿಲ್ಲ, ದಪ್ಪ ಎಲ್ಲಿ ಕಣ್ಣಿಗೆ ಬೀಳುತ್ತದೋ ಅಲ್ಲಿ ಮಾಡಿದರೆ ಸಾಕು. ಚಕ್ರದ ಮೇಲಿನ ಕಮಾನಿನ ಅಂಚು, ಕಿಟಕಿಯ ಚೌಕಟ್ಟು, ಬಾನೆಟ್ಟಿನ ಗಾಳಿಗಂಡಿ, ಇವುಗಳನ್ನು ಒಳಗಿನಿಂದ ಹೆರೆದು ಅಂಚು ಕೂರಾಗಿಸಿದರೆ ಮೈಯೆಲ್ಲ ತಗಡಿನದೇ ಎಂದು ಕಣ್ಣು ಒಪ್ಪಿಕೊಳ್ಳುತ್ತದೆ.

ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಇನ್ನೂರು ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿ, ಕರಗಿದ್ದನ್ನು ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ನೂಕುತ್ತಾರೆ. ತಣಿದ ಮೇಲೆ ಅಚ್ಚು ಬಾಯಿ ಬಿಡುತ್ತದೆ, ಪಿನ್ನುಗಳು ಭಾಗವನ್ನು ಹೊರದೂಡುತ್ತವೆ. ಭಾಗಗಳ ಒಳಬದಿಯಲ್ಲಿ ಕಾಣುವ ದುಂಡನೆಯ ಗುರುತುಗಳು ಆ ಪಿನ್ನುಗಳವು. ದಪ್ಪವಿರುವ ಕಡೆ ಪ್ಲಾಸ್ಟಿಕ್ ತಡವಾಗಿ ತಣಿದು ಹೆಚ್ಚು ಕುಗ್ಗುವುದರಿಂದ ಮೇಲ್ಮೈ ಒಳಕ್ಕೆ ಜಗ್ಗಿ ಸಣ್ಣ ಗುಳಿ ಬೀಳುತ್ತದೆ. ಅದಕ್ಕೆ ಪುಟ್ಟಿ ತುಂಬಬೇಕು.

ಎಂಜಿನ್ ಭಾಗಗಳಿಗೆ ಮೇಲೊಂದು ಕೆಳಗೊಂದು, ಎರಡು ತುಂಡಿನ ಅಚ್ಚು ಸಾಕು. ಕಾರಿನ ಮೈಗೆ ಅದು ಸಾಲದು. ಬಾಗಿಲ ಹಿಡಿ, ಪಕ್ಕದ ಗೆರೆ, ಮುಂದಿನ ಗ್ರಿಲ್ ಎಲ್ಲ ಬೇರೆಬೇರೆ ದಿಕ್ಕಿಗೆ ಮುಖ ಮಾಡಿವೆ. ಅಚ್ಚನ್ನು ನೇರ ಮೇಲೆತ್ತಿದರೆ ಅವು ಕಿತ್ತು ಬರುತ್ತವೆ. ಅದಕ್ಕಾಗಿ ಪಕ್ಕಕ್ಕೆ ಜಾರುವ ತುಂಡುಗಳನ್ನು ಅಚ್ಚಿಗೆ ಸೇರಿಸುತ್ತಾರೆ. ನಮ್ಮ ಬೆಂಗಳೂರಿನ ಗೆಳೆಯರ ಗುಂಪಿನಲ್ಲಿ ಪೀಣ್ಯದ ಟೂಲ್‌ರೂಮಿನಲ್ಲಿ ಡೈ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹೊಸ ಕಿಟ್ ಬಂದರೆ ಅವರು ಪೆಟ್ಟಿಗೆಯ ಚಿತ್ರ ನೋಡುವುದಿಲ್ಲ. ಮೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮುಂಚಕ್ರದ ಮೇಲಿಂದ ಛಾವಣಿಯ ಕಂಬದವರೆಗೆ ಉಗುರು ಎಳೆಯುತ್ತಾರೆ. "ನೋಡಪ್ಪಾ, ಇಲ್ಲಿ ಸ್ಲೈಡು ಕೂಡಿದೆ, ಕೈಗೆ ಸಿಕ್ತಾ? ಇದನ್ನ ಉಜ್ಜದೆ ಬಣ್ಣ ಹೊಡೀಬೇಡ. ಬಣ್ಣ ಇದನ್ನ ಮುಚ್ಚಲ್ಲ, ತೋರಿಸಿಕೊಡುತ್ತೆ." ಕೂದಲೆಳೆಯಷ್ಟು ಎತ್ತರದ ಆ ಗೆರೆ ಅಚ್ಚಿನ ತುಂಡುಗಳು ಕೂಡಿದ ಜಾಗ. ಅಸಲಿ ಕಾರಿನಲ್ಲಿ ಅದು ಇಲ್ಲವೇ ಇಲ್ಲ. ಹೊಸಬರು ಅದನ್ನು ವಿನ್ಯಾಸದ ಗೆರೆಯೆಂದೇ ತಿಳಿಯುತ್ತಾರೆ. ಪಕ್ಕದಲ್ಲಿ ಕೂತ ಇನ್ನೊಬ್ಬರ ಉಗುರು ಬೇಕಾಗುವುದು ಇಂಥಲ್ಲಿ.

ಅಂಟು ಎಂದು ನಾವು ಕರೆಯುವುದು ಇಲ್ಲಿ ನಿಜಕ್ಕೂ ಅಂಟಲ್ಲ. ಮಾಡೆಲ್ ಸಿಮೆಂಟು ಪಾಲಿಸ್ಟೈರೀನನ್ನು ಕರಗಿಸುವ ದ್ರಾವಕ. ಎರಡು ಭಾಗಗಳನ್ನು ಜೋಡಿಸಿ ಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ, ಲೋಮನಾಳ ಸೆಳೆತದಿಂದ ದ್ರಾವಕ ಸಂದಿಯುದ್ದಕ್ಕೂ ತಾನಾಗಿ ಓಡುತ್ತದೆ. ಎರಡೂ ಅಂಚು ಮೆತ್ತಗಾಗಿ, ಈ ಬದಿಯ ಉದ್ದನೆಯ ಅಣುಸರಪಳಿಗಳು ಆ ಬದಿಯವುಗಳ ಜೊತೆ ಜಡೆ ಹೆಣೆದಂತೆ ಸೇರಿಕೊಳ್ಳುತ್ತವೆ. ದ್ರಾವಕ ಆರಿಹೋದಾಗ ಅಲ್ಲಿ ಎರಡು ತುಂಡು ಇರುವುದಿಲ್ಲ, ಒಂದೇ ತುಂಡು. ಸೂಪರ್ ಗ್ಲೂ ಕತೆ ಬೇರೆ. ಅದು ಗಾಳಿಯ ತೇವವನ್ನು ಹಿಡಿದು ಗಟ್ಟಿಯಾಗುತ್ತದೆ. ಅದರ ಆವಿ ಪಾರದರ್ಶಕ ಭಾಗದ ಮೇಲೆ ಕೂತರೆ ಬಿಳಿ ಮಂಜು ಕವಿಯುತ್ತದೆ. ಹಾಗಾಗಿ ಕಿಟಕಿಗೆ, ಹೆಡ್‌ಲೈಟಿಗೆ ಮನೆಯಲ್ಲಿರುವ ಫೆವಿಕಾಲ್ ತರಹದ ಬಿಳಿ ಅಂಟೇ ಸರಿ. ಆರಿದ ಮೇಲೆ ಅದು ಹೆಚ್ಚೂಕಡಿಮೆ ಕಾಣುವುದೇ ಇಲ್ಲ. ಹೆಚ್ಚಾಗಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಆಯಿತು.

ಬಣ್ಣದ ಬಗ್ಗೆ ಬರೆಯಲು ಕುಳಿತರೆ ಕೈ ನಿಲ್ಲುವುದಿಲ್ಲ. ಅಸಲಿ ಕಾರಿನ ಬಣ್ಣದ ಪದರಗಳೆಲ್ಲ ಸೇರಿ ಸುಮಾರು 100 ಮೈಕ್ರಾನ್, ಮಿಲಿಮೀಟರಿನ ಹತ್ತನೇ ಒಂದು ಪಾಲು. 24ರಿಂದ ಭಾಗಿಸಿದರೆ ನಾಲ್ಕು ಮೈಕ್ರಾನ್. ಏರ್‌ಬ್ರಷ್ಷಿನಲ್ಲಿ ಎಷ್ಟೇ ತೆಳುವಾಗಿ ಹೊಡೆದರೂ ಪ್ರೈಮರ್, ಬಣ್ಣ, ಮೇಲಿನ ಕ್ಲಿಯರ್ ಸೇರಿ ಅದರ ಹಲವು ಪಟ್ಟಾಗುತ್ತದೆ. ಇದರ ಪೆಟ್ಟು ಬೀಳುವುದು ಬಾಗಿಲ ಸಂದಿಗೆ. ಕಾರಿನ ಬಾಗಿಲ ಸುತ್ತ ನಾಲ್ಕು ಮಿಲಿಮೀಟರ್ ಸಂದಿ ಇದ್ದರೆ ಮಾದರಿಯಲ್ಲಿ ಅದು 0.17 ಮಿಲಿಮೀಟರ್. ಬಣ್ಣ ಎರಡೂ ಕಡೆಯಿಂದ ಏರಿ ಸಂದಿಯನ್ನು ತುಂಬಿಬಿಡುತ್ತದೆ, ಬಾಗಿಲು ಬೆಸೆದುಹೋದಂತೆ ಕಾಣುತ್ತದೆ. ಬಣ್ಣಕ್ಕೆ ಮೊದಲೇ ಆ ಗೆರೆಯನ್ನು ಮೊನಚು ಉಪಕರಣದಿಂದ ಆಳವಾಗಿ ಗೀರಿಕೊಂಡಿರಬೇಕು.

ಬೆಳ್ಳಿಬಣ್ಣದ ಕಾರು ಇನ್ನೂ ಕಷ್ಟ. ಕಾರಿನ ಮೆಟಾಲಿಕ್ ಬಣ್ಣದ ಹೊಳಪು ಅದರೊಳಗಿನ ಅಲ್ಯೂಮಿನಿಯಂ ಚೂರುಗಳಿಂದ ಬರುವಂಥದ್ದು. ಒಂದೊಂದೂ ಹತ್ತಾರು ಮೈಕ್ರಾನ್ ಅಗಲ. ಸರ್ವಿಸ್ ಸೆಂಟರಿನ ಟಚ್‌ಅಪ್ ಬಣ್ಣವನ್ನೇ ತಂದು ಮಾದರಿಗೆ ಹೊಡೆದರೆ ಚೂರುಗಳು ಬಿಡಿಬಿಡಿಯಾಗಿ ಮಿನುಗುತ್ತವೆ. ಆ ಬಣ್ಣ ಅಸಲಿ ಕಾರಿನದೇ ಆಗಿದ್ದರೂ ಮಾದರಿಯ ಮೇಲೆ ಸುಳ್ಳಾಗಿ ಕಾಣುತ್ತದೆ. ಹವ್ಯಾಸಿಗಳ ಬಣ್ಣಗಳಲ್ಲಿ ಲೋಹದ ಪುಡಿಯನ್ನು ಬಹಳ ನಯವಾಗಿ ಅರೆದಿರುವುದು ಈ ಕಾರಣಕ್ಕೆ. ಒಂದು ಮಾತು ಮಾತ್ರ ನಾನು ಒಪ್ಪುವುದಿಲ್ಲ: ದೂರದ ವಸ್ತು ಮಸುಕಾಗಿ ಕಾಣುವುದರಿಂದ ಮಾದರಿಯ ಬಣ್ಣವನ್ನೂ ತಿಳಿ ಮಾಡಬೇಕೆಂದು ಕೆಲವರು ಹೇಳುತ್ತಾರೆ. 1/24ರ ಕಾರನ್ನು 30 ಸೆಂಟಿಮೀಟರ್ ದೂರದಿಂದ ನೋಡುವುದೆಂದರೆ ಅಸಲಿ ಕಾರನ್ನು ಏಳು ಮೀಟರ್ ಆಚೆಯಿಂದ ನೋಡಿದಂತೆ. ಏಳು ಮೀಟರ್ ಗಾಳಿ ಯಾವ ಬಣ್ಣವನ್ನೂ ಮಸುಕು ಮಾಡುವುದಿಲ್ಲ. ಟೈರು ಕಡುಗಪ್ಪಾಗಿರಬಾರದು ಎಂಬುದು ಸರಿ. ಅದಕ್ಕೆ ಕಾರಣ ದೂರವಲ್ಲ, ಓಡಿದ ಟೈರಿನ ಬಣ್ಣವೇ ಬೂದುಗಪ್ಪು.

ಇನ್ನು ಧೂಳು. ಒಂದು ತಲೆಗೂದಲು ಹಸಿ ಬಣ್ಣಕ್ಕೆ ಬಿದ್ದರೆ ಅದು ಅಸಲಿ ಲೆಕ್ಕದಲ್ಲಿ ಒಂದೂವರೆ ಮಿಲಿಮೀಟರಿಗಿಂತ ದಪ್ಪದ ತಂತಿ. ಮಳೆಗಾಲದಲ್ಲಿ ಧೂಳು ಕಡಿಮೆ, ಆದರೆ ಬೇರೆ ತೊಂದರೆ ಇದೆ. ಲ್ಯಾಕರ್ ಬಣ್ಣದ ದ್ರಾವಕ ಭರದಿಂದ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲ್ಮೈ ಮೇಲೆ ಗಾಳಿಯ ತೇವ ಹನಿಗಟ್ಟಿ ಬಣ್ಣದೊಳಗೆ ಸಿಕ್ಕಿಕೊಂಡು, ಹೊಳೆಯಬೇಕಿದ್ದ ಕಪ್ಪು ಕಾರು ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಮಂಗಳೂರು, ಮಲೆನಾಡಿನ ಕಡೆಯ ಹವ್ಯಾಸಿಗಳು ಆಷಾಢದಲ್ಲಿ ಎಂಜಿನ್, ಸೀಟು ಕಟ್ಟಿಕೊಂಡಿದ್ದು ಮೈಯ ಬಣ್ಣಕ್ಕೆ ಬಿಸಿಲು ಬರುವವರೆಗೆ ಕಾಯುವುದು ಜಾಣತನ. ಕಾಯಲಾರದವರು ನಿಧಾನ ಆರುವ ಥಿನ್ನರ್ ಬೆರೆಸಬೇಕು. ಯಾವ ಕಾಲವಾದರೂ ಬಣ್ಣ ಹೊಡೆಯುವಾಗ ದ್ರಾವಕದ ಆವಿ ತಡೆಯುವ ಮುಸುಕು ಮುಖಕ್ಕಿರಲಿ. ಬಟ್ಟೆಯ ಮಾಸ್ಕು ಇದಕ್ಕೆ ಸಾಲದು.

ಅಳತೆಯ ಬಗ್ಗೆ ಈ ಲೋಕದಲ್ಲಿರುವ ಶ್ರದ್ಧೆ ಎಂಥದ್ದೆಂದು ತಿಳಿಯಲು ಜಪಾನಿನ ಶಿಜುವೊಕಾ ನಗರದತ್ತ ನೋಡಬೇಕು. ಆ ದೇಶದ ಪ್ಲಾಸ್ಟಿಕ್ ಮಾದರಿಗಳ ಬಹುಪಾಲು ತಯಾರಾಗುವುದು ಅಲ್ಲೇ. ಅಲ್ಲಿನ ತಮಿಯಾ ಕಂಪನಿ 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ ಶುರುವಾದದ್ದು. ಬೆಂಕಿ ಬಿದ್ದು ಮರವೆಲ್ಲ ಸುಟ್ಟುಹೋದ ಮೇಲೆ ಮರದ ಮಾದರಿಗಳತ್ತ, ಆಮೇಲೆ ಪ್ಲಾಸ್ಟಿಕ್ಕಿನತ್ತ ಹೊರಳಿತು. 1960ರ ದಶಕದ ಆರಂಭದಲ್ಲಿ ಅದು ತಂದ ಪ್ಯಾಂಥರ್ ಟ್ಯಾಂಕ್ ಮಾದರಿಯ ಒಳಗೆ ಮೋಟಾರೂ ಬ್ಯಾಟರಿಯೂ ಕೂರಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದು ಮಾಡಿ ಅಳೆದರೆ ಸುಮಾರು 1/35 ಆಯಿತು. ಇಂದು ಲೋಕದಾದ್ಯಂತ ಟ್ಯಾಂಕ್ ಮಾದರಿಗಳ ಮುಖ್ಯ ಅಳತೆ ಅದೇ.

ಕಾರಿನ ವಿಷಯದಲ್ಲಿ ಆ ಕಂಪನಿಯ ಶುನ್ಸಾಕು ತಮಿಯಾ ಇನ್ನೂ ಮುಂದೆ ಹೋದರು. 1976ರ 1/12ರ ಪೋರ್ಷೆ 934 ಕಿಟ್‌ಗೆ ತಯಾರಿ ನಡೆದಾಗ ಚಿತ್ರ, ನಕ್ಷೆ ಸಾಲದೆನಿಸಿ ಅದರ ಮೂಲವಾದ ಪೋರ್ಷೆ 911 ಕಾರೊಂದನ್ನೇ ಕೊಂಡರು. ಅದನ್ನು ಬಿಚ್ಚಿ ಭಾಗಭಾಗವನ್ನೂ ಅಳೆದರು. ಮತ್ತೆ ಜೋಡಿಸಲು ಪೋರ್ಷೆಯ ಮೆಕ್ಯಾನಿಕ್‌ಗಳ ನೆರವು ಬೇಕಾಯಿತು. ಇದನ್ನು ದುಂದು ಎನ್ನುವವರು ಇರಬಹುದು. ನನಗಂತೂ ಆ ಕಿಟ್‌ನ ಎಂಜಿನ್ ಕೋಣೆ ನೋಡಿದಾಗಲೆಲ್ಲ ಅದು ಸಾರ್ಥಕವಾದ ಖರ್ಚೆಂದೇ ಅನಿಸುತ್ತದೆ. ಅದೇ ವರ್ಷ 934ರ ರೇಡಿಯೊ ನಿಯಂತ್ರಿತ ರೂಪವೂ ಬಂದು ಭರ್ಜರಿಯಾಗಿ ಮಾರಾಟವಾಯಿತು. ಶಿಜುವೊಕಾದಲ್ಲಿ ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುವ ಹಾಬಿ ಷೋದಲ್ಲಿ ಕಂಪನಿಗಳ ಹೊಸ ಕಿಟ್‌ಗಳ ಜೊತೆಗೇ ಮಾಡೆಲರ್‌ಗಳ ಕ್ಲಬ್ಬುಗಳು ತಾವು ಕಟ್ಟಿದ್ದನ್ನು ಮೇಜುಗಳ ಮೇಲೆ ಹರಡಿ ಕೂರುತ್ತವೆ.

ಅಮೆರಿಕದಲ್ಲಿ ಜನರಲ್ ಮೋಟರ್ಸ್ 1930ರಿಂದ 1968ರವರೆಗೆ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಎಂಬ ಸ್ಪರ್ಧೆ ನಡೆಸಿತು. ಹುಡುಗರು ಕಿಟ್ ಜೋಡಿಸುತ್ತಿರಲಿಲ್ಲ, ಆರಂಭದ ವರ್ಷಗಳ ನಂತರ ತಮ್ಮದೇ ಕಲ್ಪನೆಯ ಕಾರನ್ನು 1/12ರಲ್ಲಿ ಕೆತ್ತಿ ಕಳಿಸುತ್ತಿದ್ದರು. ಬಹುಮಾನ ಓದಿಗೆ ವಿದ್ಯಾರ್ಥಿವೇತನ. 1947ರಲ್ಲಿ ಗೆದ್ದ ಚಕ್ ಜೋರ್ಡಾನ್ ಮುಂದೆ ಅದೇ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರಾದರು.

ನಮ್ಮಲ್ಲಿ 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, ಅದಕ್ಕೂ ಮೊದಲೇ ಮರೆಯಾದ ಪ್ರೀಮಿಯರ್ ಪದ್ಮಿನಿ ಇನ್ನೂ ಅಲ್ಲಲ್ಲಿ ಶೆಡ್ಡುಗಳಲ್ಲಿ ನಿಂತಿವೆ. ಅವುಗಳ ಮಾದರಿ ಮಾಡಿಕೊಳ್ಳಲು ತ್ರೀಡಿ ಪ್ರಿಂಟರ್ ಈಗ ಮನೆಯ ಮೇಜಿಗೆ ಬಂದಿದೆ. ಬೆಳಕು ಬಿದ್ದರೆ ಗಟ್ಟಿಯಾಗುವ ರೆಸಿನ್ನನ್ನು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟು ತೆಳು ಪದರಗಳಲ್ಲಿ ಅದು ಒಂದರ ಮೇಲೊಂದು ಕೂರಿಸುತ್ತದೆ. ಬೇಕಾದದ್ದು ಅಳತೆ. ಒಬ್ಬ ಗೆಳೆಯ ಟೇಪು, ಕ್ಯಾಲಿಪರ್ ಹಿಡಿದು ತನ್ನ ತಾತನ ಅಂಬಾಸಿಡರಿನ ಅಡಿಗೆ ಮಲಗಿದ್ದಾನೆ. ಗ್ರಿಲ್ಲು, ಡ್ಯಾಷ್‌ಬೋರ್ಡು ಆಗಿದೆ, ಲೀಫ್ ಸ್ಪ್ರಿಂಗಿನ ಪಟ್ಟಿಗಳನ್ನು ಎಣಿಸುತ್ತಿದ್ದಾನೆ. ಅವನ ಕಡತ ಸಿದ್ಧವಾದರೆ ನಮಗೆಲ್ಲ ಹಂಚುವುದಾಗಿ ಮಾತು ಕೊಟ್ಟಿದ್ದಾನೆ.

ಕಟ್ಟಿ ಮುಗಿದ ಕಾರನ್ನು ಹಳೆಯ ಟೈರಿನಿಂದ ಕಾಪಾಡಬೇಕು. ಹಿಂದಿನ ಕಿಟ್‌ಗಳ ಟೈರು ಮೆದು ಪಿವಿಸಿಯದು. ಅದನ್ನು ಮೆದುವಾಗಿಡುವ ಎಣ್ಣೆಯಂಥ ರಾಸಾಯನಿಕ ವರ್ಷಗಳ ಮೇಲೆ ಹೊರಗೆ ಜಿನುಗಿ ಪಾಲಿಸ್ಟೈರೀನ್ ಚಕ್ರವನ್ನು ತಿನ್ನುತ್ತದೆ. ಟೈರು ತೆಗೆದರೆ ರಿಮ್ಮು ಕರಗಿದ ಮೇಣದಂತೆ ಅಂಟಿಕೊಂಡೇ ಬರುತ್ತದೆ. ರಿಮ್ಮಿಗೆ ಒಂದು ಪದರ ಅಲ್ಯೂಮಿನಿಯಂ ಫಾಯಿಲ್ ಸುತ್ತಿಟ್ಟರೆ ಈ ಕಾಟ ತಪ್ಪುತ್ತದೆ.

ಫೋಟೊ ತೆಗೆಯುವವರು ಮೈಕಲ್ ಪಾಲ್ ಸ್ಮಿತ್ ಅವರ ಚಿತ್ರಗಳನ್ನು ನೋಡಲೇಬೇಕು. ಎಲ್ಗಿನ್ ಪಾರ್ಕ್ ಎಂಬ ಕಲ್ಪನೆಯ ಊರನ್ನು ಅವರು 1/24ರ ಕಾರುಗಳಿಂದ, ಕೈಯಾರೆ ಕಟ್ಟಿದ ಮನೆಗಳಿಂದ ಹುಟ್ಟಿಸಿದರು. ಮಾದರಿಗಳನ್ನು ಹೊರಗೆ ಮೇಜಿನ ಮೇಲಿಟ್ಟು ಹಿಂದಿನ ನಿಜವಾದ ಮರ, ಬೀದಿಗಳ ಜೊತೆ ಸಾಲುಗೂಡಿಸುತ್ತಿದ್ದರು. ಅವರದು ಅಗ್ಗದ ಪುಟ್ಟ ಕ್ಯಾಮೆರಾ. ಅದು ಕೊರತೆಯಲ್ಲ, ಅನುಕೂಲ. ಹತ್ತಿರದ ವಸ್ತು ಸ್ಪಷ್ಟವಾಗಿದ್ದು ಹಿನ್ನೆಲೆ ಮಸುಕಾದರೆ ನಮ್ಮ ಮಿದುಳು ತಕ್ಷಣ ಇದು ಸಣ್ಣದು ಎಂದು ತೀರ್ಮಾನಿಸುತ್ತದೆ. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಮುಂದಿನದೂ ಹಿಂದಿನದೂ ಸಾಕಷ್ಟು ಸ್ಪಷ್ಟವಾಗಿ ಬರುತ್ತವೆ. ನಮ್ಮ ಫೋನುಗಳಲ್ಲಿ ಇರುವುದೂ ಅದೇ, ಹಿನ್ನೆಲೆ ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಮಾತ್ರ ಬೇಡ. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.6 ಮೀಟರ್ ಎತ್ತರದಲ್ಲಿರುತ್ತದೆ. ಮಾದರಿಯ ಲೆಕ್ಕಕ್ಕೆ ಆರೂವರೆ ಸೆಂಟಿಮೀಟರಿಗೆ ತುಸು ಹೆಚ್ಚು. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸನ್ನು ಅಷ್ಟು ಕೆಳಗೆ ಇಳಿಸಬಹುದು. ದೀಪ ಹಚ್ಚದೆ ಬಿಸಿಲಿನಲ್ಲೇ ತೆಗೆಯಿರಿ. ಹತ್ತಿರದ ದೀಪದ ನೆರಳು ಬೀಸಣಿಗೆಯಾಗಿ ಹರಡಿ ಗುಟ್ಟು ಬಿಟ್ಟುಕೊಡುತ್ತದೆ. ಸೂರ್ಯ ಬಹು ದೂರದಲ್ಲಿರುವುದರಿಂದ ಅವನ ಕಿರಣಗಳು ದೊಡ್ಡ ಕಾರಿಗೂ ಪುಟ್ಟ ಕಾರಿಗೂ ಒಂದೇ ಕೋನದಲ್ಲಿ ಬೀಳುತ್ತವೆ. ನೆರಳಿನ ಉದ್ದ, ಅದರ ಅಂಚಿನ ಮಸುಕು ಎರಡೂ ಸರಿಯಾಗಿ 24 ಪಾಲು ಕುಗ್ಗುತ್ತವೆ.